ಮ್ಯಾಪ್ ತೋರಿಸಿದ ಗೋಡೆ

ಬಟವಾಡಿಯ ನಮ್ಮ ಬಾಡಿಗೆ ಮನೆಗೆ ಆಟೋ ಬುಕ್ ಮಾಡಿದರೆ ಅದು ತಪ್ಪದೆ ಬರುತ್ತಿತ್ತು. ಬಂದು ಗೋಡೆಯ ಆಚೆ ನಿಲ್ಲುತ್ತಿತ್ತು. ಈಚೆ ನಾನು, ಆಚೆ ಆಟೋ, ನಡುವೆ ನನ್ನ ತಲೆಗಿಂತ ಎತ್ತರದ ಕಾಂಪೌಂಡು. ಡ್ರೈವರ್ ಫೋನ್ ಮಾಡಿ, ಲೊಕೇಶನ್‌ಗೆ ಬಂದಿದ್ದೀನಿ, ನೀವೆಲ್ಲಿ ಮೇಡಂ ಎಂದು ಕೇಳುವಾಗ ಅವನ ದನಿ ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ಗೋಡೆಯ ಮೇಲಿಂದ ಕೇಳಿಸುತ್ತಿತ್ತು. ನಾನೂ ಲೊಕೇಶನ್‌ನಲ್ಲೇ ಇದ್ದೇನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಒಬ್ಬನಂತೂ, ತಮಾಷೆ ಮಾಡೋಕೆ ನಾನೇ ಸಿಕ್ಕಿದ್ನಾ ಎಂದು ಬೈದು, ರೈಡ್ ಕ್ಯಾನ್ಸಲ್ ಮಾಡಿ ಹೊರಟೇಹೋದ.

ಆ ಗೋಡೆಯ ಜಾಗದಲ್ಲಿ ಮೊದಲು ಗೇಟ್ ಇತ್ತು. ಮನೆಯ ಮುಖ ದಕ್ಷಿಣಕ್ಕೆ, ರಸ್ತೆಯೂ ದಕ್ಷಿಣಕ್ಕೆ, ವಿಳಾಸವೂ ಆ ರಸ್ತೆಯದೇ. ನಾವು ಬಾಡಿಗೆಗೆ ಬರುವ ಮೊದಲೇ, ಮಹಡಿಯಲ್ಲಿದ್ದ ಓನರ್ ಅಂಕಲ್ ವಾಸ್ತು ನೋಡುವವನೊಬ್ಬನ ಮಾತು ಕೇಳಿ ಆ ಗೇಟ್ ಕೀಳಿಸಿ, ಅಲ್ಲಿ ಇಟ್ಟಿಗೆ ಕಟ್ಟಿಸಿ, ಪೂರ್ವದ ಗಲ್ಲಿಗೆ ಹೊಸ ಗೇಟ್ ಇಡಿಸಿದ್ದರು. ಹಳೇ ಗೇಟನ್ನು ಗುಬ್ಬಿಯ ಹತ್ತಿರದ ತಮ್ಮ ತೆಂಗಿನ ತೋಟಕ್ಕೆ ಸಾಗಿಸಿ, ದನ ನುಗ್ಗದಂತೆ ಅಲ್ಲಿ ನಿಲ್ಲಿಸಿದ್ದರು. ಗೇಟ್ ಬದಲಾದದ್ದು ಹಾಲಿನವನಿಗೆ ಗೊತ್ತಿತ್ತು, ಪೇಪರಿನವನಿಗೆ ಗೊತ್ತಿತ್ತು, ಸಿಲಿಂಡರ್ ತರುವವನಿಗೂ ಗೊತ್ತಿತ್ತು. ಮ್ಯಾಪಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹಾಗಾಗಿ ಆಟೋ ಹತ್ತಬೇಕೆಂದರೆ ಪೂರ್ವದ ಗೇಟಿನಿಂದ ಹೊರಟು, ಗಲ್ಲಿ ದಾಟಿ, ಮೆಡಿಕಲ್ ಸ್ಟೋರಿನ ಮೂಲೆಯಲ್ಲಿ ತಿರುಗಿ, ನಮ್ಮದೇ ಗೋಡೆಯ ಹೊರಮೈಗೆ ಬಂದು ನಿಲ್ಲಬೇಕಿತ್ತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆಫೀಸಿಗೆ ಹೊತ್ತಾಗುತ್ತಿರುವಾಗ ಈ ಪ್ರದಕ್ಷಿಣೆ ಹಾಕುತ್ತಾ ಡ್ರೈವರನ್ನೂ ಬೈಯುತ್ತಿದ್ದೆ, ಮ್ಯಾಪನ್ನೂ ಬೈಯುತ್ತಿದ್ದೆ, ವಾಸ್ತುವಿನವನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ನನ್ನ ಗಂಡನಿಗೆ ಈ ತಾಪತ್ರಯವಿರಲಿಲ್ಲ. ಅಂತರಸನಹಳ್ಳಿಯ ಫ್ಯಾಕ್ಟರಿಗೆ ಬೈಕಿನಲ್ಲಿ ಹೋಗುತ್ತಿದ್ದ ಅವರು, ನೀನೇ ಎರಡು ಹೆಜ್ಜೆ ನಡೆದು ಹೋಗಬಾರದೇನು ಎಂದು ಉಪದೇಶ ಮಾಡುತ್ತಿದ್ದರು.

ಡ್ರೈವರುಗಳಲ್ಲೂ ಬಗೆಬಗೆಯವರಿದ್ದರು. ಕೆಲವರಿಗೆ ಮ್ಯಾಪೇ ದೇವರು. ನಾನು ಮೂಲೆಯಲ್ಲಿ ನಿಂತು ಕೈ ಬೀಸಿದರೂ ನನ್ನ ಮುಂದೆಯೇ ಸಾಗಿ, ಗೋಡೆಯ ಎದುರು ನಿಂತು, ಅಲ್ಲಿಂದ ನನಗೆ ಫೋನ್ ಮಾಡುತ್ತಿದ್ದರು. ಇನ್ನು ಕೆಲವರು ಬುಕಿಂಗ್ ಬಂದ ಕೂಡಲೇ ಮ್ಯಾಪ್ ಮುಚ್ಚಿಟ್ಟು, ಯಾವ ಅಂಗಡಿ ಪಕ್ಕ, ಯಾವ ಕ್ಲಿನಿಕ್ ಎದುರು ಎಂದು ಕೇಳುತ್ತಿದ್ದರು. ಇಬ್ಬರೂ ಕೊನೆಗೆ ಹೇಳುತ್ತಿದ್ದುದು ಒಂದೇ ಮಾತು, ಮ್ಯಾಪ್ ಸರಿಯಿಲ್ಲ ಮೇಡಂ. ನಾನೂ ಹೂಂ ಎನ್ನುತ್ತಿದ್ದೆ. ನಮ್ಮ ಬೀದಿಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲದ ವಿಷಯ ಅದೊಂದೇ ಇತ್ತು.

ಅಂಕಲ್‌ಗೆ ಮ್ಯಾಪಿನ ಮೇಲೆ ನನಗಿಂತ ಹೆಚ್ಚು ಸಿಟ್ಟು. ಅವರು ಲೈನ್‌ಮನ್ ಆಗಿ ರಿಟೈರ್ ಆದವರು. ಗೇಟ್ ಬದಲಾಗಿ ಇಷ್ಟು ದಿನವಾದರೂ ಯಾರೊಬ್ಬರೂ ಬಂದು ನೋಡಿ ಹೋಗಿಲ್ಲ ಎನ್ನುವುದು ಅವರ ದೂರು. “ಒಂದು ಕಂಬ ಆಚೀಚೆ ಆದ್ರೂ ನಾವು ನಕ್ಷೇಲಿ ತಿದ್ತಿದ್ವಿ ಕಣವ್ವ. ಇವ್ರಿಗೇನು ದಾಡಿ?” ಎನ್ನುತ್ತಿದ್ದರು. ನೀನು ಓದಿದವಳು, ಒಂದು ಕಂಪ್ಲೇಂಟ್ ಹಾಕು ಎಂದು ನನ್ನ ಬೆನ್ನು ಹತ್ತಿದರು. ಅವರ ಕಾಟ ತಾಳಲಾರದೆ ಹೊಸ ಗೇಟಿನ ಫೋಟೋ ತೆಗೆದು, ದಾರಿ ಪೂರ್ವಕ್ಕಿದೆ ಎಂದು ಮ್ಯಾಪಿನಲ್ಲಿ ತಿದ್ದುಪಡಿ ಕಳಿಸಿದೆ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಪರಿಶೀಲನೆಯಲ್ಲೇ ಉಳಿಯಿತು.

ಅವರ ಹೆಂಡತಿ ಆಂಟಿ ಮಾತ್ರ ಮ್ಯಾಪನ್ನು ಒಂದು ದಿನವೂ ಬೈದವರಲ್ಲ. ಒಂದು ಸಂಜೆ ಅವರೇ ನನ್ನನ್ನು ಕೇಳಿದರು, ಆ ಫೋನಿಗೆ ನಮ್ಮ ಹಳೇ ಗೇಟ್ ಇನ್ನೂ ಕಾಣುತ್ತದಾ ಎಂದು. ನಾನು ನಗುತ್ತಾ ಮ್ಯಾಪಿನಲ್ಲಿ ನಮ್ಮ ರಸ್ತೆಯ ಫೋಟೋ ತೆರೆದು ತೋರಿಸಿದೆ. ಕ್ಯಾಮೆರಾ ಇಟ್ಟ ಕಾರು ಯಾವತ್ತೋ ಬಂದು ತೆಗೆದುಕೊಂಡು ಹೋಗಿದ್ದ ಫೋಟೋ. ಅದರಲ್ಲಿ ಗೋಡೆಯಿರಲಿಲ್ಲ. ಹಸಿರು ಬಣ್ಣದ ಗೇಟ್ ಒಂದು ಪಕ್ಕಕ್ಕೆ ತೆರೆದಿತ್ತು, ಮುಂದೆ ದೊಡ್ಡ ರಂಗೋಲಿ ಇತ್ತು. ಆಂಟಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಇದು ಅವ್ಳು ಹಾಕಿದ್ ರಂಗೋಲಿ,” ಎಂದರು. ಸ್ಕ್ರೀನ್ ಆರಿಹೋಯಿತು. ಮತ್ತೆ ತೆಗೆದುಕೊಡು ಎಂದರು.

ಅವರಿಗೊಬ್ಬಳು ಮಗಳಿದ್ದಾಳೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಒಬ್ಬಳೇ ಮಗಳು. ಕುಣಿಗಲ್‌ನ ಹುಡುಗನನ್ನು ಮೆಚ್ಚಿ ಮದುವೆಯಾದಳು, ಹುಡುಗ ಬೇರೆ ಜಾತಿ. ಅವಳು ಬ್ಯಾಗ್ ಹಿಡಿದು ಹೊರಟ ದಿನ ಅಂಕಲ್ ಆ ಹಸಿರು ಗೇಟಿನಲ್ಲಿ ನಿಂತು, ಇದನ್ನು ದಾಟಿದರೆ ಮತ್ತೆ ಈ ಕಡೆ ಬರಬೇಡ ಎಂದಿದ್ದರು. ಅವಳು ದಾಟಿದಳು. ಆಮೇಲೆ ಅಂಕಲ್ ಸ್ಕೂಟರ್‌ನಿಂದ ಬಿದ್ದು ಕಾಲು ಮುರಿದುಕೊಂಡರು, ಆಂಟಿಗೆ ಊಟ ಸೇರದಾಯಿತು. ದಕ್ಷಿಣದ ಬಾಗಿಲು ಮನೆಯವರನ್ನು ಹೊರಗೆ ಕಳಿಸುತ್ತದೆ, ಮುಚ್ಚಿಸಿ ಎಂದು ವಾಸ್ತುವಿನವನು ಹೇಳಿದ್ದು ಆಗ. ಗೋಡೆ ಎದ್ದದ್ದು ಮಗಳು ಹೋದ ಸಂಕಟಕ್ಕೇ. ಇದನ್ನು ಕೇಳಿದ ಮೇಲೆ ವಾಸ್ತುವಿನವನಿಗೆ ಶಾಪ ಹಾಕುವುದನ್ನು ನಿಲ್ಲಿಸಿದೆ. ಮ್ಯಾಪನ್ನು ಬೈಯುವುದನ್ನು ನಿಲ್ಲಿಸಲಿಲ್ಲ.

ತಾಯಿ ಮಗಳ ನಡುವೆ ಮಾತಿರಲಿಲ್ಲ. ಗುಬ್ಬಿಯಲ್ಲಿದ್ದ ಆಂಟಿಯ ತಂಗಿಯ ಮೂಲಕ ಸುದ್ದಿ ಮಾತ್ರ ಹೋಗಿ ಬರುತ್ತಿತ್ತು. ಆದರೂ ವರ್ಷವರ್ಷವೂ ಗೌರಿ ಹಬ್ಬಕ್ಕೆ ಆಂಟಿ ಮಗಳ ಹೆಸರಿನಲ್ಲಿ ಬಾಗಿನ ಮಾಡುತ್ತಿದ್ದರು. ಹೊಸ ಮೊರಕ್ಕೆ ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ಗುಬ್ಬಿ ತೋಟದ ಕಾಯಿ, ಹಸಿರು ಬಳೆ, ರವಿಕೆ ಬಟ್ಟೆ ಎಲ್ಲ ಜೋಡಿಸಿ, ಮೇಲೊಂದು ಮೊರ ಮುಚ್ಚಿ, ದಿನವಿಡೀ ದೇವರ ಮುಂದೆ ಇಡುತ್ತಿದ್ದರು. ತವರಿನ ಬಾಗಿನ ಹೆಣ್ಣುಮಗಳಿಗೆ ತಲುಪಬೇಕು, ಮನೆಯಲ್ಲಿ ಉಳಿಯಬಾರದು. ಹಾಗಾಗಿ ಸಂಜೆ ಅದು ಮೆಟ್ಟಿಲಿಳಿದು ನನ್ನ ಬಳಿಗೆ ಬರುತ್ತಿತ್ತು. ಸೆರಗು ಹೊದ್ದು ತೆಗೆದುಕೊಳ್ಳುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ. ಆ ಬಳೆ ನನ್ನ ಕೈಗೆ ಸ್ವಲ್ಪ ದೊಡ್ಡದಾಗುತ್ತಿತ್ತು. ಅಳತೆ ಯಾರದೆಂದು ನಾನು ಕೇಳುತ್ತಿರಲಿಲ್ಲ. ಅದನ್ನು ಬಳಸಲು ಮನಸ್ಸು ಬಾರದೆ ಪೆಟ್ಟಿಗೆಯಲ್ಲಿ ಎತ್ತಿಡುತ್ತಿದ್ದೆ.

ಆ ವರ್ಷ ಹಬ್ಬ ಹತ್ತಿರ ಬಂದಾಗ ಅಂಕಲ್ ಟೀವಿ ನೋಡುತ್ತಾ, ಯಾರ ಮುಖವನ್ನೂ ನೋಡದೆ, “ಬಂದ್ರೆ ಬ್ಯಾಡ ಅಂತೀನಾ,” ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಆಂಟಿ ಅವತ್ತೇ ತಂಗಿಗೆ ಫೋನ್ ಮಾಡಿದರು, ತಂಗಿ ಕುಣಿಗಲ್‌ಗೆ ಮಾಡಿದರು. ಹಬ್ಬದ ದಿನ ಬೆಳಗ್ಗೆ ಬಸ್ಸಿಗೆ ಬರುತ್ತಾಳಂತೆ ಎಂದು ಉತ್ತರ ಬಂತು. ಆಂಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯನ್ನು ಮೂಲೆಮೂಲೆ ಗುಡಿಸಿ ತೊಳೆದರು.

ಹಬ್ಬದ ಬೆಳಗ್ಗೆ ಪೂರ್ವದ ಗೇಟಿಗೆ ಮಾವಿನ ಸೊಪ್ಪು ಕಟ್ಟಿ, ಗಲ್ಲಿಯ ಅರ್ಧ ಅಗಲಕ್ಕೆ ರಂಗೋಲಿ ಹಾಕಿದ್ದರು. ಅಂಕಲ್ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದು ಕೂತಿದ್ದರು. ನಾನು ಹೋಗುವಾಗಲೂ ಬರುವಾಗಲೂ ಅದೇ ಪುಟ ತೆರೆದಿತ್ತು. ಗಲ್ಲಿಯಲ್ಲಿ ಗಾಡಿ ಸದ್ದಾದರೆ ಪೇಪರ್ ಇನ್ನಷ್ಟು ಮೇಲಕ್ಕೇರಿ ಮುಖ ಮುಚ್ಚುತ್ತಿತ್ತು. ಬೆಳಗಿನ ಬಸ್ಸುಗಳೆಲ್ಲ ಬಂದಿರಬೇಕು. ಅವಳು ಬರಲಿಲ್ಲ. ಗುಬ್ಬಿಯ ತಂಗಿ ಫೋನ್ ಮಾಡಿ ಮಾಡಿ ಸೋತರು, ಮಗಳ ಫೋನ್ ಸ್ವಿಚ್ ಆಫ್.

ಊಟದ ಹೊತ್ತು ಮೀರಿದ ಮೇಲೆ ಆಂಟಿ ಬಾಗಿನ ಎತ್ತಿಕೊಂಡು ಕೆಳಗಿಳಿದು ಬಂದರು. ಈ ಸಲವೂ ನೀನೇ ತಗೋ ಎಂದರು. ನನಗೆ ಕೈ ಮುಂದೆ ಬರಲಿಲ್ಲ. ಸಂಜೆಯವರೆಗೆ ಕಾಯೋಣ ಎಂದೆ. ಅವರು ನನ್ನ ಮಾತು ಮೀರದೆ ಮೊರವನ್ನು ಮತ್ತೆ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಬರುವುದಿಲ್ಲ ಎಂದಾದರೆ ಬರುತ್ತೇನೆ ಎಂದು ಯಾಕೆ ಹೇಳಿಕಳಿಸಬೇಕಿತ್ತು ಎಂದು ಕಂಡಿಲ್ಲದ ಆ ಹುಡುಗಿಯ ಮೇಲೆ ನನಗೆ ಕೋಪ ಬಂತು.

ನನಗೂ ಹೋಗುವುದಿತ್ತು. ನನ್ನ ತವರು ಕೋರದ ಹತ್ತಿರ, ಅಲ್ಲಿ ಅಮ್ಮ ಕಾಯುತ್ತಿದ್ದಳು. ಬಸ್‌ಸ್ಟ್ಯಾಂಡಿಗೆ ಆಟೋ ಬುಕ್ ಮಾಡಿದೆ. ಎಂದಿನಂತೆ ಅದು ಗೋಡೆಯ ಆಚೆ ಬಂದು ನಿಂತಿತು. ನಾನು ಸುತ್ತು ಹಾಕಿ ಹೋಗುವಷ್ಟರಲ್ಲಿ ಡ್ರೈವರ್ ಇಳಿದು ಗೋಡೆಯನ್ನೇ ನೋಡುತ್ತಾ ನಿಂತಿದ್ದ. ಮ್ಯಾಪ್ ಸರಿಯಿಲ್ಲ ಅಣ್ಣ ಎಂದು ನಾನೇ ಶುರು ಮಾಡಿದೆ.

ಅವನು ನಕ್ಕ. ಇವತ್ತು ಇದೇ ಗೋಡೆಗೆ ಬರುತ್ತಿರುವುದು ಎರಡನೇ ಸಲ ಎಂದ. ಬೆಳಗ್ಗೆ ಬಸ್‌ಸ್ಟ್ಯಾಂಡಿನಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದಿದ್ದನಂತೆ. ರೇಷ್ಮೆ ಸೀರೆ, ತೊಡೆಯ ಮೇಲೆ ಹೂವು ಹಣ್ಣಿನ ಚೀಲ. ದಾರಿಯುದ್ದಕ್ಕೂ ಫೋನ್ ನೋಡಿಕೊಂಡು ಕೂತಿದ್ದಳು. ಇಲ್ಲಿ ನಿಲ್ಲಿಸಿದರೆ ಇಳಿಯಲೇ ಇಲ್ಲ.

“ನಾನೇ ಹೇಳ್ದೆ, ಮ್ಯಾಪ್ ತಪ್ಪು ತೋರಿಸ್ತಾ ಐತೆ ಮೇಡಂ, ಒಂದ್ ರೌಂಡ್ ಹಾಕಣ, ಯಾರನ್ನಾದ್ರೂ ಕೇಳಣ ಅಂತ. ಇಲ್ಲ ಅಣ್ಣ, ಮ್ಯಾಪ್ ಸರಿಯಾಗೇ ಇದೆ, ಗೇಟ್ ಇಲ್ಲೇ ಇತ್ತು ಅಂದ್ರು. ವಾಪಸ್ ಬಸ್‌ಸ್ಟ್ಯಾಂಡಿಗೇ ಬಿಡಿ ಅಂದ್ರು. ನಾನು ಆಟೋ ಓಡ್ಸೋಕೆ ಶುರು ಮಾಡ್ದಾಗಿಂದ ಮ್ಯಾಪ್ ಸರಿ ಇದೆ ಅಂದೋರು ಅವ್ರೊಬ್ರೇ.”

ಗೇಟ್ ಬದಲಾದದ್ದನ್ನು ಮಗಳಿಗೂ ಯಾರೂ ಹೇಳಿರಲಿಲ್ಲ. ನಾನು ಆಟೋ ಹತ್ತಲಿಲ್ಲ. ಬಂದದ್ದಕ್ಕೆ ಅವನ ಕೈಗೊಂದಿಷ್ಟು ಕೊಟ್ಟು, ಮೆಡಿಕಲ್ ಸ್ಟೋರಿನ ಮೂಲೆಯಿಂದ ಗಲ್ಲಿಯವರೆಗೆ ಸೀರೆ ಎತ್ತಿಕೊಂಡು ಓಡಿದೆ. ಅಂಕಲ್ ಕುರ್ಚಿಯಲ್ಲೇ ಇದ್ದರು. ಡ್ರೈವರ್ ಹೇಳಿದ್ದನ್ನು ಒಂದೇ ಉಸಿರಿನಲ್ಲಿ ಅವರಿಗೆ ಹೇಳಿದೆ. ಮ್ಯಾಪನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೇಪರ್ ಮಡಿಸಿಟ್ಟು ಎದ್ದು, ಮನೆಯ ಮುಂದಕ್ಕೆ ನಡೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಆ ಗೋಡೆಯೆದುರು ನಿಂತರು. ಇಟ್ಟಿಗೆಯ ಹೊಸ ಭಾಗಕ್ಕೆ ಬಣ್ಣ ಬಳಿದಿದ್ದರೂ ಹಳೇ ಗೋಡೆಗೂ ಅದಕ್ಕೂ ವ್ಯತ್ಯಾಸ ಕಾಣುತ್ತಿತ್ತು.

“ಆವತ್ತು ಆಡಿದ್ ಮಾತಿಗೆ ಗೋಡೆ ಕಟ್ಸಿವ್ನಿ ಅಂದ್ಕೊಂಡ್ಲು ಮಗ್ಳು,” ಎಂದರು. ದನಿ ಅವರದಲ್ಲ ಎನಿಸುವಷ್ಟು ಸಣ್ಣಗಿತ್ತು.

ಆಂಟಿ ಮೇಲಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಅಳಲಿಲ್ಲ. ಬಾಗಿನವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಇಳಿದು ಬಂದು, ನಡೀರಿ ಎಂದರು. ಅಂಕಲ್ ಚಪ್ಪಲಿ ಹುಡುಕಿದರು. ಕುಣಿಗಲ್ ಮನೆಯನ್ನು ಇಬ್ಬರೂ ಕಂಡಿರಲಿಲ್ಲ. ಗುಬ್ಬಿಯ ತಂಗಿ ಒಮ್ಮೆ ಅಲ್ಲಿಗೆ ಹೋಗಿದ್ದಾಗ ತನ್ನ ಮಗನಿಗೆ ಕಳಿಸಿದ್ದ ಲೊಕೇಶನ್ ಒಂದಿತ್ತು, ಅದನ್ನು ನನ್ನ ವಾಟ್ಸಾಪಿಗೆ ತರಿಸಿಕೊಂಡೆ. ಅಮ್ಮನಿಗೆ ಫೋನ್ ಮಾಡಿ ಇವತ್ತು ಬರಲಾಗುವುದಿಲ್ಲ ಎಂದು ಹೇಳಿ, ಸರಿಯಾಗಿ ಬೈಸಿಕೊಂಡೆ. ಕಾರ್ ಬುಕ್ ಮಾಡಿದೆ. ಅದೂ ಗೋಡೆಯ ಆಚೆಯೇ ಬಂದು ನಿಂತಿತು. ಮೂವರೂ ಸುತ್ತು ಹಾಕಿ ಹೋಗಿ ಹತ್ತಿದೆವು.

ಅಂಕಲ್ ಡ್ರೈವರ್ ಪಕ್ಕ ಕೂತರು. ಮುಂದೆ ಸಿಕ್ಕಿಸಿದ್ದ ಫೋನಿನಲ್ಲಿ ನೀಲಿ ಗೆರೆ ಹರಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೆಬ್ಬೂರು ದಾಟುವಾಗ ಎಡಕ್ಕೋ ಬಲಕ್ಕೋ ಎಂದು ಎಂದಿನಂತೆ ಜಗಳ ತೆಗೆಯಲಿಲ್ಲ. ಮ್ಯಾಪ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಲೈನ್ ಎಳೆಯುತ್ತಾ ಇದೇ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ ಮನುಷ್ಯ. ಆಂಟಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ರಸ್ತೆಯ ಉಬ್ಬಿನಲ್ಲಿ ಕಾರು ಕುಲುಕಿದಾಗೆಲ್ಲ ಒಳಗೆ ಬಳೆ ಸದ್ದು ಮಾಡುತ್ತಿತ್ತು.

ಕುಣಿಗಲ್‌ನಲ್ಲಿ ಮ್ಯಾಪ್ ನಮ್ಮನ್ನು ಸಣ್ಣ ಸಣ್ಣ ಮನೆಗಳ ಒಂದು ಬೀದಿಗೆ ತಿರುಗಿಸಿತು. ಒಂದು ಮನೆಯ ಮುಂದೆ ಹೆಣ್ಣುಮಗಳೊಬ್ಬಳು ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದಳು. ರೇಷ್ಮೆ ಸೀರೆಯನ್ನು ಇನ್ನೂ ಬಿಚ್ಚಿರಲಿಲ್ಲ. ನಿಲ್ಲಿಸಪ್ಪ ಎಂದ ಆಂಟಿ, ಮೊರವನ್ನು ಸೀಟಿನ ಮೇಲಿಟ್ಟು, ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದರು. ಅಂಕಲ್ ಅಲುಗಾಡಲಿಲ್ಲ. ಫೋನಿನ ಕಡೆ ಬೆರಳು ತೋರಿಸಿ ಡ್ರೈವರ್‌ಗೆ ಹೇಳಿದರು.

“ಇದಲ್ಲಪ್ಪ. ಮ್ಯಾಪಲ್ಲಿ ಇನ್ನೂ ಮುಂದೆ ಐತೆ.”

ನಿಜಕ್ಕೂ ಕೆಂಪು ಗುರುತು ಇನ್ನೂ ಸ್ವಲ್ಪ ಮುಂದೆ, ಬೀದಿಯ ಕೊನೆಯ ಅಂಗಡಿಯ ಹತ್ತಿರ ತೋರಿಸುತ್ತಿತ್ತು. ಆ ಲೊಕೇಶನ್ ಕಳಿಸುವಾಗ ಗುಬ್ಬಿಯ ತಂಗಿ ಅಲ್ಲೆಲ್ಲೋ ನಿಂತಿದ್ದಿರಬೇಕು. ಮಗಳು ಎದುರಿಗೇ ಇದ್ದಳು, ಅಂಕಲ್ ಅವಳನ್ನು ನೋಡಿಯೂ ಇದ್ದರು. ಇಷ್ಟು ದಿನ ಮ್ಯಾಪನ್ನು ನಂಬದ ಮನುಷ್ಯ ಇಳಿಯುವ ಧೈರ್ಯ ಸಾಲದೆ ಈಗ ಅದನ್ನೇ ಹಿಡಿದುಕೊಂಡು ಕೂತಿದ್ದರು. ನನಗೆ ನಗು ಬರಲಿಲ್ಲ. ಡ್ರೈವರ್ ನನ್ನ ಮುಖ ನೋಡಿ ಗಾಡಿ ಆಫ್ ಮಾಡಿದ.

ಮನೆ ಮುಂದೆ ಆಂಟಿ ಮಗಳ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ಮಗಳು ಕೇಳುತ್ತಿದ್ದಳು, ತಲೆ ಎತ್ತಿರಲಿಲ್ಲ. ಕಿಟಕಿ ಇಳಿಸಿದ್ದರಿಂದ ಅವಳ ಮಾತು ನನಗೆ ಕೇಳಿಸಿತು. ನೆನ್ನೆ ರಾತ್ರಿ ಫೋನಿನಲ್ಲಿ ನಮ್ಮ ರಸ್ತೆಯ ಫೋಟೋ ನೋಡಿದ್ದೆ, ಗೇಟ್ ತೆರೆದೇ ಇತ್ತು, ಬಂದರೆ ಗೋಡೆ ಇತ್ತು ಎಂದಳು. ಆಂಟಿ ಅವಳ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಆ ಗೇಟಿಂದ ನೀನು ಹೊಂಟೋದೆ ಅಂತ ಮುಚ್ಚಿಸಿದ್ದು ಕಣೇ. ನೀನು ಬರ್ಬಾರ್ದು ಅಂತಲ್ಲ.”

ಮಗಳು ಹಗ್ಗದಿಂದ ತೆಗೆದ ಬಟ್ಟೆಯನ್ನು ಆಂಟಿಯ ಕೈಗೆ ಕೊಟ್ಟು ಕಾರಿನ ಹತ್ತಿರ ಬಂದಳು. ಅಂಕಲ್ ಫೋನನ್ನೇ ನೋಡುತ್ತಿದ್ದರು. ಅವಳು ಕಿಟಕಿಗೆ ಬಾಗಿ, ತಾನೂ ಆ ಕೆಂಪು ಗುರುತನ್ನು ನೋಡಿದಳು.

“ಮ್ಯಾಪ್ ತಪ್ಪು ತೋರಿಸ್ತಿದೆ ಕಣಪ್ಪ. ಮನೆ ಇದೇ. ಇಳಿ.”

ಅಂಕಲ್ ಸೀಟ್ ಬೆಲ್ಟಿಗೆ ಕೈ ಹಾಕಿದರು. ಬೆರಳು ಆಡಲಿಲ್ಲ. ಅವಳೇ ಬಾಗಿಲು ತೆಗೆದು, ಅವರ ಎದೆಯ ಮೇಲಿಂದ ಬಾಗಿ, ಬೆಲ್ಟ್ ಬಿಚ್ಚಿದಳು. ಅವಳ ತಲೆ ತಮ್ಮ ಗದ್ದಕ್ಕೆ ತಾಗಿದಾಗ ಅವರು ಕಣ್ಣು ಮುಚ್ಚಿಕೊಂಡರು. ನಾನು ಹಿಂದಿನ ಸೀಟಿನಲ್ಲಿ ಕೂತು ಅತ್ತುಬಿಟ್ಟೆ. ಡ್ರೈವರ್ ಪಾಪ, ವೇಟಿಂಗ್ ಬಗ್ಗೆ ಕೇಳುವುದನ್ನೇ ಮರೆತಿದ್ದ.

ಬಾಗಿನ ಅವತ್ತು ಮಗಳಿಗೇ ತಲುಪಿತು. ಮಾರನೇ ವಾರ ಗುಬ್ಬಿಯ ತೋಟದಿಂದ ಹಸಿರು ಗೇಟ್ ವಾಪಸ್ ಬಂತು. ಒಂದು ಮೂಲೆಗೆ ತುಕ್ಕು ಹಿಡಿದಿತ್ತು. ಗಾರೆಯವರು ಇಟ್ಟಿಗೆ ಒಡೆಯುವಾಗ ಅಂಕಲ್ ಪಕ್ಕದಲ್ಲೇ ನಿಂತು ಧೂಳು ಕುಡಿದರು. ವಾಸ್ತುವಿಗೆ ಬೇಸರವಾಗದಿರಲೆಂದು ಪೂರ್ವದ ಗೇಟನ್ನೂ ಹಾಗೇ ಬಿಟ್ಟರು. ಆಟೋಗಳು ಸರಿಯಾಗಿ ನಮ್ಮ ಬಾಗಿಲಿಗೇ ಬಂದು ನಿಲ್ಲತೊಡಗಿದವು. ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಎಂದೋ ಕಳಿಸಿದ್ದ ನನ್ನ ತಿದ್ದುಪಡಿಯನ್ನು ಮ್ಯಾಪಿನವರು ಕೊನೆಗೂ ಒಪ್ಪಿಕೊಂಡು ನನಗೆ ಧನ್ಯವಾದ ಹೇಳಿದರು. ಈಗ ಎಲ್ಲ ಆಟೋಗಳೂ ಪೂರ್ವದ ಗಲ್ಲಿಗೇ ಹೋಗುತ್ತವೆ, ನಾನು ದಕ್ಷಿಣದ ಗೇಟಿನಲ್ಲಿ ನಿಂತು ಫೋನಿನಲ್ಲಿ ಜಗಳವಾಡುತ್ತೇನೆ. ಅಂಕಲ್ ಮಾತ್ರ ಮ್ಯಾಪನ್ನು ಬೈಯುವುದನ್ನು ಬಿಟ್ಟಿದ್ದಾರೆ. ಹಗಲು ಹೊತ್ತಿನಲ್ಲಿ ಎರಡು ಗೇಟಿಗೂ ಚಿಲಕ ಹಾಕಲು ಯಾರನ್ನೂ ಬಿಡುವುದಿಲ್ಲ.

ಮುಂದಿನ ಗೌರಿ ಹಬ್ಬಕ್ಕೆ ಮಗಳು ಅಳಿಯ ಇಬ್ಬರೂ ಬಂದರು. ನಾನು ಕೆಳಗೆ ನನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದೆ. ಇನ್ನು ಬಾಗಿನ ನನ್ನ ಬಳಿಗೆ ಇಳಿದು ಬರುವುದಿಲ್ಲವೆಂದು ಗೊತ್ತಿತ್ತು. ಅದರಲ್ಲಿ ಬೇಸರಪಡುವುದೇನೂ ಇರಲಿಲ್ಲ, ಆದರೂ ಸ್ವಲ್ಪ ಬೇಸರವಾಗಿತ್ತು. ಸಂಜೆ ಆಂಟಿ ಮೆಟ್ಟಿಲಿಳಿದು ಬಂದರು, ಕೈಯಲ್ಲಿ ಮೊರ ಇತ್ತು. ಮಗಳಿಗೆ ಆಗಲೇ ಕೊಟ್ಟಾಯಿತು, ಇದು ಬೇರೆ ಜೊತೆ ಮೊರ ಎಂದರು. ಸೆರಗು ಹೊದ್ದು ತೆಗೆದುಕೊಂಡು, ಮೇಲಿನ ಮೊರ ಸರಿಸಿ ಬಳೆ ತೆಗೆದು ತೊಟ್ಟು ನೋಡಿದೆ. ನನ್ನ ಕೈಗೆ ಸರಿಯಾಗಿತ್ತು.